ಸ್ಪಿಲ್ ಮತ್ತು ಕೋಡಿಂಬಾಳದ ಚೊಂಬು

ಏನನ್ನೂ ಚೆಲ್ಲದೆ ಬದುಕುವುದು ಒಂದು ವಿದ್ಯೆ, ಅದು ನನಗೆ ಬರುತ್ತದೆ ಎಂದು ನಂಬಿದ್ದೆ. ಬಸ್ಸಿನಲ್ಲಿ ಕಾಫಿ ಚೆಲ್ಲಿದವಳಲ್ಲ, ಸ್ಟಾಫ್ ರೂಮಿನಲ್ಲಿ ಮಾತು ಚೆಲ್ಲಿದವಳಲ್ಲ. ಪುತ್ತೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುವ ನಾನು ಕಳೆದ ವಾರ ‘ಸ್ಪಿಲ್’ ಎಂಬ ಪದವನ್ನೂ ಹೀಗೆಯೇ ಅಚ್ಚುಕಟ್ಟಾಗಿ ವಿವರಿಸಿದೆ. ಲೋಟದ ಹಾಲು ಚೆಲ್ಲಿದರೂ ಸ್ಪಿಲ್, ನೆಟ್ಟಣದಲ್ಲಿ ರೈಲು ನಿಂತೊಡನೆ ಜನ ಹೊರಗೆ ಸುರಿದು ಬಂದರೂ ಸ್ಪಿಲ್, ಹೊಟ್ಟೆಯೊಳಗಿನ ಗುಟ್ಟು ಹೊರಬಿದ್ದರೂ ಸ್ಪಿಲ್. ಮೂರನೆಯದಕ್ಕೆ ಮಕ್ಕಳು ಉದಾಹರಣೆ ಕೇಳಿದರು. ನನ್ನ ಹತ್ತಿರ ಒಳ್ಳೆಯದೇ ಒಂದಿತ್ತು, ಕೊಡಲಿಲ್ಲ.

ಉದಾಹರಣೆಯ ಹೆಸರು ಪ್ರವೀಣ. ನಮ್ಮಲ್ಲೇ ಭೌತಶಾಸ್ತ್ರ ಕಲಿಸುವವರು. ಮದುವೆಯಾಗುವುದೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಅವರ ಮನೆಮಾತು ತುಳು, ನಮ್ಮದು ಅರೆಭಾಷೆ. “ಅಮ್ಮ ಮೊದಲು ನಿನ್ನನ್ನು ಸುಮ್ಮನೆ ನೋಡಲಿ, ಮೆಚ್ಚಲಿ, ಮತ್ತೆ ಹೇಳುವ” ಎಂದಿದ್ದರು. ಹಾಗಾಗಿ ಭಾನುವಾರ ಸಹೋದ್ಯೋಗಿಗಳ ಗುಂಪಿನಲ್ಲಿ ಒಬ್ಬಳಾಗಿ ಕೋಡಿಂಬಾಳದ ಅವರ ಮನೆಗೆ ಊಟಕ್ಕೆ ಹೋದೆ.

ಅವರ ಅಮ್ಮ ಬೆಲ್ಲದ ತುಂಡು, ಚೊಂಬಿನ ತುಂಬ ನೀರು ತಂದಿಟ್ಟರು. ಆ ಮನೆಯಲ್ಲಿ ಚೊಂಬನ್ನು ತುಟಿಗೆ ತಾಗಿಸುವಂತಿಲ್ಲ; ಎತ್ತಿ ಬಾಯಿಗೆ ಹೊಯ್ದುಕೊಳ್ಳಬೇಕು. ನಮ್ಮ ಮನೆಯಲ್ಲಿ ಎಲ್ಲರಿಗೂ ಲೋಟ. ಒಂದು ಲೋಟ ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಮೆಚ್ಚಿಸಲು ಬಂದವಳು ಮೊದಲ ಪರೀಕ್ಷೆಯಲ್ಲೇ ಸೋಲುವುದೆ? ಕತ್ತೆತ್ತಿ ಹೊಯ್ದುಕೊಂಡೆ. ಸರಿಯಾಗಿ ಆಗಲೇ ಅವರು, “ನಿಮ್ಮ ಮನೆ ಎಲ್ಲಿ ಆಯ್ತು?” ಎಂದರು. ಜಾಲ್ಸೂರು ಎನ್ನಲು ಹೊರಟೆ. ನೀರು ನಿಲ್ಲಲಿಲ್ಲ.

ಅರ್ಧ ಸೀರೆಗೆ, ಅರ್ಧ ನೆತ್ತಿಗೆ. ನಾನು ಕೆಮ್ಮಿ ಒದ್ದಾಡುವಾಗ ಪ್ರವೀಣ ಎದ್ದು ಬಂದು ನನ್ನ ನೆತ್ತಿ ತಟ್ಟತೊಡಗಿದರು. “ಮೆಲ್ಲ, ಮೆಲ್ಲ ಮಾರಾಯ್ತಿ, ನಿಂಗೆ ಎಂತ ಅವಸರ?” ಕಾಲೇಜಿನಲ್ಲಿ ನನ್ನನ್ನು ‘ಮೇಡಂ’ ಎನ್ನುವ ಮನುಷ್ಯ! ಸಹೋದ್ಯೋಗಿಗಳ ಬಾಯಲ್ಲಿ ಬೆಲ್ಲ ಕರಗದೆ ನಿಂತಿತು. ಕೆಮ್ಮು ಕೇಳಿ ಪ್ರವೀಣರ ಅತ್ತಿಗೆ, ಅವರ ಮಕ್ಕಳು, ಹಪ್ಪಳ ಕರಿಯುತ್ತಿದ್ದ ಪಕ್ಕದ ಮನೆಯವರು ಎಲ್ಲ ಅಡುಗೆಮನೆಯಿಂದ ಜಗಲಿಗೆ ಸುರಿದು ಬಂದರು.

ಅಮ್ಮ ಮಗನ ಕೈಯನ್ನೇ ನೋಡಿದರು. ಅದು ಇನ್ನೂ ನನ್ನ ತಲೆಯ ಮೇಲಿತ್ತು.

“ನೆತ್ತಿಗೆ ಹತ್ತಿದರೆ ಯಾರೋ ನೆನಪು ಮಾಡ್ತಿದ್ದಾರೆ ಅಂತ ಹೇಳುದು. ನೆನಪು ಮಾಡುವವ ಇಲ್ಲೇ ಇದ್ದಾನಲ್ಲ!” ಎಂದರು. ಮತ್ತೆ ಬೈರಾಸು ತಂದು ನನ್ನ ಮುಖ ತಾವೇ ಒರೆಸಿದರು. “ಇನ್ನು ಬರುವಾಗ ನಿಂಗೆ ಲೋಟ ತೆಗೆದಿಡ್ತೇನೆ ಮಗಾ.”

ಸೋಮವಾರ ತರಗತಿಗೆ ಹೋದರೆ ಹಿಂದಿನ ಬೆಂಚಿನಿಂದ ಒಬ್ಬಳು ಬಹಳ ವಿನಯದಿಂದ ಎದ್ದು ನಿಂತಳು. “ಮೇಡಂ, ಮೂರನೆಯ ಅರ್ಥಕ್ಕೆ ಉದಾಹರಣೆ ಬೇಡ. ಸಿಕ್ಕಿತು.”

ನಾನು ಬೋರ್ಡಿನ ಕಡೆ ತಿರುಗಿ ಮುಂದಿನ ಪದ ಬರೆದೆ. ಗಂಟಲು ಒಣಗಿತ್ತು. ಮೇಜಿನ ಮೇಲೆ ನೀರಿನ ಬಾಟಲಿಯೂ ಇತ್ತು; ಮುಟ್ಟುವ ಧೈರ್ಯವಾಗಲಿಲ್ಲ.