ಹನ್ನೆರಡು ಸೆಕೆಂಡಿನ ಅಭಿಮಾನಿ

ಊರಿಗೆಲ್ಲ ಗೊತ್ತಿರುವ ಗಾಯಕನಿಗೆ ಅಭಿಮಾನಿಯಾದರೆ ಜೀವನ ಸುಲಭ. ಯಾರಿಗೂ ಬೇಡವಾದವನಿಗೆ ಅಭಿಮಾನಿಯಾಗಿ ನೋಡಿ, ಹೋದಲ್ಲೆಲ್ಲ ಒಂದೊಂದು ಪ್ರಸಂಗ ಕಾದಿರುತ್ತದೆ. ಪರ್ತಿನಲ್ಲಿ ಆಯಿತು, ಬ್ರಿಸ್ಬೇನಿನಲ್ಲಿ ಆಯಿತು. ಅಡಿಲೇಡಿಗೆ ಬಂದ ಮೇಲಾದರೂ ನಿಲ್ಲುತ್ತದೆ ಅಂದುಕೊಂಡಿದ್ದೆ. ನಿಲ್ಲಲಿಲ್ಲ.

ನಾನು ಅರಿವಳಿಕೆ ವೈದ್ಯ. ಆಪರೇಷನ್ನಿಗೆ ಮುಂಚೆ ರೋಗಿಗೆ ನಿದ್ದೆ ಬರಿಸಿ, ಮುಗಿದ ಮೇಲೆ ಎಬ್ಬಿಸುವುದು ನನ್ನ ಕೆಲಸ. ಮೈಸೂರಿನಲ್ಲಿರುವ ನಮ್ಮತ್ತೆ ನೆಂಟರಿಷ್ಟರಿಗೆಲ್ಲ "ನಮ್ಮ ಅಳಿಯಂದ್ರು ಅಲ್ಲಿ ನಿದ್ದೆ ಡಾಕ್ಟ್ರು" ಎಂದೇ ಹೇಳುತ್ತಾರೆ. ಇನ್ನು ನನ್ನ ಗಾಯಕ. ಇಲ್ಲಿನವರು ಕಂಟ್ರಿ ಎನ್ನುವ ಹಳ್ಳಿಗಾಡಿನ ಹಾಡುಗಳನ್ನು ಎಂಬತ್ತರ ದಶಕದಲ್ಲಿ, ಎಲ್ಲರೂ ಹೊಸ ವಾದ್ಯಗಳ ಹಿಂದೆ ಓಡುತ್ತಿದ್ದಾಗ, ಹಳೆಯ ಕ್ರಮದಲ್ಲೇ ಹಾಡಿದವನು. ಒಂದು ಗಿಟಾರು, ಒಂದು ಪಿಟೀಲು, ಒಂದು ಗಂಟಲು, ಅಷ್ಟೇ. ಹೆಸರು ಹೇಳುವುದಿಲ್ಲ. ಹೇಳಿದರೂ ನಿಮಗೆ ಗೊತ್ತಾಗುವುದಿಲ್ಲ, ನನ್ನ ಸಂಕಟವೇ ಅದು.

ಮಗಳು ಹೇಳಿದ ಮನೆಯ ಸುದ್ದಿ

ಪರ್ತಿಗೆ ಬಂದ ಹೊಸತರಲ್ಲಿ ವಿಲೆಟನ್ ಬಡಾವಣೆಯಲ್ಲಿ ಮನೆ ಮಾಡಿ, ಒಂದು ಹಳೆಯ ಸ್ಟೇಷನ್ ವ್ಯಾಗನ್ ಕೊಂಡೆ. ಅದರ ಟೇಪಿನಲ್ಲಿ ಒಂದು ಕ್ಯಾಸೆಟ್ ಸಿಕ್ಕಿಹಾಕಿಕೊಂಡಿತ್ತು. "ತೆಗೀಬೇಕಾದ್ರೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಬೇಕು ಮೇಟ್" ಎಂದ ಗ್ಯಾರೇಜಿನವನು. ಬೇಡವೆಂದೆ. ಹೀಗಾಗಿ ಬೀಗದಕೈ ತಿರುಗಿಸಿದರೆ ಸಾಕು, ಅದರಲ್ಲಿದ್ದ ನನ್ನ ಗಾಯಕ ಹಾಡಲು ಶುರು ಮಾಡುತ್ತಿದ್ದ. ಒಟ್ಟು ಹತ್ತು ಹಾಡು, ಮುಗಿದರೆ ಮತ್ತೆ ಮೊದಲಿಂದ.

ಮೊದಲ ವಾರ ಕಿರಿಕಿರಿಯಾಯಿತು. ಎರಡನೆಯ ವಾರ ಅಭ್ಯಾಸವಾಯಿತು. ಮೂರನೆಯ ವಾರ ಒಂದು ಸಂಜೆ ಆಸ್ಪತ್ರೆ ಮುಗಿಸಿ ಫ್ರೀವೇಯಲ್ಲಿ ಬರುತ್ತಿದ್ದೆ. ಪಕ್ಕದಲ್ಲಿ ನದಿ, ನೀರಿನ ಮೇಲೆ ಕೊನೆಯ ಬಿಸಿಲು. ಮೈಲಿಗಟ್ಟಲೆ ಬೇಲಿ ತಂತಿ ಕಟ್ಟುತ್ತಾ ಒಬ್ಬನೇ ನಡೆಯುವ ಯಾವನೋ ಕೂಲಿಯವನ ಕಥೆಯನ್ನು ಆತ ಹಾಡುತ್ತಿದ್ದ. ಗಂಟಲಿನಲ್ಲಿ ಒಂದು ಚೂರೂ ಆಡಂಬರವಿಲ್ಲ. ಪಕ್ಕದ ಸೀಟಿನಲ್ಲಿ ಕೂತು ನನಗೊಬ್ಬನಿಗೇ ಹೇಳುತ್ತಿದ್ದಾನೆ ಅನಿಸಿತು. ಆಗ ಈ ದೇಶದಲ್ಲಿ ನನಗೆ ಸ್ನೇಹಿತರು ಅಂತ ಯಾರೂ ಇರಲಿಲ್ಲ. ಇಳಿಯಬೇಕಾದ ಎಕ್ಸಿಟ್ ದಾಟಿತು, ಅದರ ಮುಂದಿನದೂ ದಾಟಿತು, ನನಗೆ ತಿಳಿಯಲೇ ಇಲ್ಲ. ದಾರಿಯಲ್ಲಿ ಸರ್ವೋದಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ಹಾಲು ತನ್ನಿ ಎಂದು ಹೆಂಡತಿ ಹೇಳಿದ್ದಳು. ಒಂದೂವರೆ ಗಂಟೆ ತಡವಾಗಿ, ಹಾಲಿಲ್ಲದೆ, ಗುನುಗುತ್ತಾ ಮನೆಗೆ ಬಂದೆ.

ಹಿಂದಿನ ಸೀಟಿನಲ್ಲಿ ಕೂತು ಬರುತ್ತಿದ್ದ ನಾಲ್ಕು ವರ್ಷದ ಮಗಳೂ ಅದೇ ಹಾಡುಗಳನ್ನು ಕೇಳುತ್ತಿದ್ದಾಳೆ ಎಂಬುದು ನನ್ನ ಗಮನಕ್ಕೆ ಬರಲಿಲ್ಲ. ಗಮನಕ್ಕೆ ತಂದದ್ದು ಅವಳ ಕಿಂಡಿಯ, ಅಂದರೆ ಶಿಶುವಿಹಾರದ, ಟೀಚರ್. ಒಂದು ದಿನ ಫೋನ್ ಮಾಡಿ ಇಬ್ಬರೂ ಬನ್ನಿ ಎಂದರು. ಹೋದೆವು. ಟೀಚರ್ ಬಾಗಿಲು ಮುಚ್ಚಿ, ತುಂಬಾ ಮೆತ್ತಗೆ, "ಮನೇಲಿ ಎಲ್ಲಾ ಸರಿಯಾಗಿದೆಯಾ?" ಎಂದು ಕೇಳಿದರು.

ಆದದ್ದು ಇಷ್ಟು. ಮಕ್ಕಳೆಲ್ಲ ಸುತ್ತ ಕೂತು ತಂತಮ್ಮ ಮನೆಯ ಸುದ್ದಿ ಹೇಳುವ ಹೊತ್ತಿನಲ್ಲಿ ನಮ್ಮ ಮಗಳು ಎದ್ದು ನಿಂತು, ಅವಳು ಬೆಳಗಿನ ರೈಲಿಗೆ ಹೊರಟುಹೋದಳು, ಬಾಟಲಿ ಖಾಲಿಯಾಯಿತು, ಈಗ ಜೊತೆಗಿರುವುದು ಮುದಿ ನಾಯಿ ಒಂದೇ, ಎಂದು ಗಂಭೀರವಾಗಿ ಹೇಳಿದ್ದಳು.

"ನಮ್ಮನೇಲಿ ನಾಯೀನೇ ಇಲ್ಲ!" ಎಂದೆ ನಾನು, ಅದೇ ದೊಡ್ಡ ವಿಷಯ ಎಂಬಂತೆ.

ಟೀಚರ್ ನನ್ನನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿದರು. "ಅಂದ್ರೆ ನೀವು... ಬಿಟ್ಟು ಹೋಗಿದ್ದು ನಿಜಾನಾ?"

"ಇನ್ನೂ ಇಲ್ಲ," ಎಂದಳು ನನ್ನ ಹೆಂಡತಿ. "ಆದ್ರೆ ಆ ಕ್ಯಾಸೆಟ್ ಇನ್ನೊಂದು ತಿಂಗಳು ಹೀಗೇ ಹಾಡಿದ್ರೆ ಹೇಳೋಕಾಗಲ್ಲ."

ನಿಧಾನದ ಹೊಲಿಗೆ

ಹೆಂಡತಿ ಬಿಟ್ಟು ಹೋಗಲಿಲ್ಲ, ಬ್ರಿಸ್ಬೇನಿನಲ್ಲಿ ಒಳ್ಳೆಯ ಕೆಲಸ ಹಿಡಿದು ನನ್ನನ್ನೂ ಕರೆದುಕೊಂಡು ಹೋದಳು. ಸನ್ನಿಬ್ಯಾಂಕ್ ಎಂಬ ಬಡಾವಣೆಯಲ್ಲಿ ಮನೆಯಾಯಿತು. ಕಾರು ಮಾರುವ ಮುಂಚೆ ಡ್ಯಾಶ್‌ಬೋರ್ಡ್ ಬಿಚ್ಚಿಸಿ ಕ್ಯಾಸೆಟ್ ಬಿಡಿಸಿಕೊಂಡೆ, ಹತ್ತು ಹಾಡನ್ನೂ ಫೋನಿಗೆ ಹಾಕಿಸಿಕೊಂಡೆ.

ಆಪರೇಷನ್ ಥಿಯೇಟರಿನಲ್ಲಿ ಹಾಡು ಹಾಕುವುದು ಇಲ್ಲಿನ ರೂಢಿ. ಯಾವ ಹಾಡು ಎಂದು ತೀರ್ಮಾನಿಸುವುದು ಸರ್ಜನ್ನರ ಹಕ್ಕು. ನಮ್ಮ ಮಂಗಳವಾರದ ಸರ್ಜನ್ ಚುರುಕಿನ ಹೆಂಗಸು. ಆಕೆಯ ಹಾಡುಗಳೂ ಹಾಗೇ, ಬರೀ ಡೋಲಿನ ಬಡಿತ. ಒಂದು ದಿನ ಗೋಗರೆದು, ಇವತ್ತೊಂದು ದಿನ ನನ್ನ ಗಾಯಕನನ್ನು ಕೇಳಿ ಎಂದು ಒಪ್ಪಿಸಿದೆ.

ಹಾಡು ಶುರುವಾಯಿತು. ಥಿಯೇಟರಿನಲ್ಲಿ ಸದಾ ಇರುವ ಗಡಿಬಿಡಿ ಎಲ್ಲೋ ಕರಗಿಹೋಯಿತು. ಕತ್ತರಿ ಕೊಡುವ ನರ್ಸ್ ಕತ್ತರಿ ಕೈಯಲ್ಲೇ ಹಿಡಿದು ಸಣ್ಣಗೆ ತೂಗಾಡುತ್ತಿದ್ದಳು. ಜೂನಿಯರ್ ಡಾಕ್ಟರು ಗೋಡೆಯ ಆಚೆ ಏನೋ ಕಾಣುತ್ತಿದೆ ಎಂಬಂತೆ ಗೋಡೆಯನ್ನೇ ನೋಡುತ್ತಿದ್ದರು. ಸರ್ಜನ್ ಹಾಡಿನ ಸಾಲಿಗೊಂದು ಹೊಲಿಗೆ ಹಾಕುತ್ತಿದ್ದರು, ಪಿಟೀಲು ಬಂದಾಗ ಅದೂ ಇಲ್ಲ. ನನಗೆ ಎದೆ ತುಂಬಿ ಬಂತು. ಕಡೆಗೂ ನನ್ನವನಿಗೆ ಒಂದು ಸಭೆ ಸಿಕ್ಕಿತಲ್ಲ!

ಕೊನೆಯ ಗಂಟು ಹಾಕಿ ಸರ್ಜನ್ ಗಡಿಯಾರ ನೋಡಿದರು. ನಲವತ್ತು ನಿಮಿಷದ ಹರ್ನಿಯಾ ಒಂದು ಗಂಟೆ ಹತ್ತು ನಿಮಿಷ ತೆಗೆದುಕೊಂಡಿತ್ತು.

"ಮೇಟ್," ಎಂದರು, "ನಿನ್ನ ಕೆಲ್ಸ ರೋಗಿಗೆ ನಿದ್ದೆ ಬರ್ಸೋದು. ರೋಗಿ ಒಬ್ಬರಿಗೇ!"

ಅಂದಿನಿಂದ ಒಂದು ಒಪ್ಪಂದವಾಯಿತು. ರೋಗಿ ಮಲಗುವ ತನಕ ನನ್ನ ಹಾಡು, ಮಲಗಿದ ಮೇಲೆ ಅವರದು. ಮುಂದೆ ಎಲ್ಲಿ ಕೆಲಸಕ್ಕೆ ಹೋದರೂ ನಾನು ಇದೇ ಕರಾರು ಮಾಡಿಕೊಂಡೆ. ನನ್ನ ಗಾಯಕನಿಗೆ ಎಷ್ಟೋ ಜನ ಶ್ರೋತೃಗಳು ಸಿಕ್ಕಿದರು, ಒಬ್ಬರೂ ಎರಡನೆಯ ಚರಣ ಕೇಳಲಿಲ್ಲ.

ರಾಜ್ಯೋತ್ಸವದ ಭಾವಗೀತೆ

ಆಗ ನನಗೊಂದು ಉಪಾಯ ಹೊಳೆಯಿತು. ಬೇಲಿ ತಂತಿಯ ಹಾಡನ್ನು ಕನ್ನಡಕ್ಕೆ ತಿರುಗಿಸಿದೆ. ಯೂಕಲಿಪ್ಟಸ್ ಇದ್ದಲ್ಲಿ ಹೊಂಗೆ ಹಾಕಿದೆ, ವಿಸ್ಕಿ ಇದ್ದಲ್ಲಿ ಮಜ್ಜಿಗೆ. ಬ್ರಿಸ್ಬೇನಿನ ಕನ್ನಡದವರ ರಾಜ್ಯೋತ್ಸವದಲ್ಲಿ, ಚೆನ್ನಾಗಿ ಹಾಡುವ ಮಕ್ಕಳ ವೈದ್ಯೆಯೊಬ್ಬರು ಹಾರ್ಮೋನಿಯಂ ಇಟ್ಟುಕೊಂಡು ಅದನ್ನು ಹಾಡಿದರು. ನಿರೂಪಕಿ "ಈಗ ಒಂದು ಭಾವಗೀತೆ" ಎಂದಷ್ಟೇ ಹೇಳಿದಳು.

ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತವರೂ ಸುಮ್ಮನಾದರು. ಕಿಟಕಿಯಾಚೆ ಜಕರಾಂಡ ಹೂ ಉದುರುತ್ತಿತ್ತು. ಒಂದು ನಾಲ್ಕು ನಿಮಿಷ ಯಾರೂ ಬ್ರಿಸ್ಬೇನಿನಲ್ಲಿ ಇರಲಿಲ್ಲ. ಹಾಡು ಮುಗಿದಾಗ ಸಂಘದ ಹಿರಿಯ ಅಂಕಲ್ ಒಬ್ಬರು ಶಾಲಿನ ತುದಿಯಿಂದ ಕಣ್ಣು ಒರೆಸಿಕೊಂಡು ನನ್ನ ಕಡೆ ಬಾಗಿದರು.

"ಯಾರ ರಚನೆ ಗೊತ್ತೇನಪ್ಪಾ ಇದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿಬಿಟ್ಟರು. "ನಮ್ಮ ಮೈಸೂರಿನವರು ಕಣಯ್ಯ. ನಮ್ಮ ಬೀದಿ ಕೊನೇಲೇ ಮನೆ. ದಿನಾ ಬೆಳಿಗ್ಗೆ ಕೊಡೆ ಹಿಡ್ಕೊಂಡು ವಾಕಿಂಗ್ ಹೋಗೋರು."

"ಅಂಕಲ್, ಖಂಡಿತಾನಾ?"

"ಖಂಡಿತಾ ಏನ್ ಬಂತು! ಜಗಲಿ ಮೇಲೆ ಕೂರಿಸ್ಕೊಂಡು ನನಗೇ ಹಾಡಿ ತೋರ್ಸಿದ್ದಾರೆ. ಆಗ ಎರಡನೇ ಸಾಲು ಇನ್ನೂ ಚೆನ್ನಾಗಿತ್ತು, ಆಮೇಲೆ ಯಾವನೋ ಕೆಡಿಸಿದ್ದಾನೆ."

ಕೆಡಿಸಿದವನು ಪಕ್ಕದಲ್ಲೇ ಕೂತಿದ್ದೆ. ಅಂಕಲ್ ನಿಟ್ಟುಸಿರು ಬಿಟ್ಟರು. "ಪಾಪ, ಅವರಿಗೆ ಸಿಗಬೇಕಾದ ಮರ್ಯಾದೆ ಮಾತ್ರ ಕೊನೇವರೆಗೂ ಸಿಗ್ಲಿಲ್ಲ."

ಅಷ್ಟು ಹೊತ್ತು ಅವರು ಆಡಿದ್ದರಲ್ಲಿ ನಿಜವಾದದ್ದು ಈ ಒಂದೇ ಮಾತು. ಅದು ಎಷ್ಟು ನಿಜವಾಗಿತ್ತೆಂದರೆ, ಉಳಿದದ್ದನ್ನು ತಿದ್ದಲು ನನಗೆ ಮನಸ್ಸೇ ಬರಲಿಲ್ಲ.

ಕುರಿ ಕಾಲು

ಬ್ರಿಸ್ಬೇನಿನಲ್ಲೇ ಒಂದು ಶನಿವಾರ ಹಳೆಯ ರೆಕಾರ್ಡು ಮಾರುವ ಅಂಗಡಿ ಹೊಕ್ಕು, ಈತನ ಬೇರೆ ಕ್ಯಾಸೆಟ್ ಇದೆಯೇ ಎಂದು ಕೇಳಿದೆ. ಅಂಗಡಿಯ ಮುದುಕ ಕನ್ನಡಕ ಮೇಲೆತ್ತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಅವನನ್ನ ಕೇಳ್ಕೊಂಡು ಬಂದೋನು ನೀನೊಬ್ಬನೇ," ಎಂದ. "ಅವನು ಮಾಡಿದ್ದು ಅದೊಂದೇ ಕ್ಯಾಸೆಟ್. ಆಮೇಲೆ ಹಾಡೋದೇ ಬಿಟ್ಬಿಟ್ಟ."

"ಯಾಕೆ?"

ಇಲ್ಲಿನ ಪಬ್ಬುಗಳಲ್ಲಿ ಭಾನುವಾರದ ಆರ್ವೋ, ಅಂದರೆ ಮಧ್ಯಾಹ್ನದ ಮೇಲೆ, ಮಾಂಸದ ಲಾಟರಿ ನಡೆಯುತ್ತದೆ. ಚೀಟಿ ಬಂದವರಿಗೆ ಒಂದು ತಟ್ಟೆ ಮಾಂಸ ಬಹುಮಾನ. ಅಂಥದೊಂದು ಭಾನುವಾರ ಆತನ ಹಾಡುಗಾರಿಕೆ ಇತ್ತಂತೆ. ಜನ ಇದ್ದರು, ಆದರೆ ಎಲ್ಲರ ಕಣ್ಣೂ ಚೀಟಿಯ ಡಬ್ಬಿಯ ಮೇಲೆ. ಹಾಡಿನ ನಡುವೆ ಯಾರೋ ನಂಬರು ಕೂಗಿದರು, ಗೆದ್ದವನು ಹೋ ಎಂದು ಅರಚಿದ, ಎಲ್ಲರೂ ಚಪ್ಪಾಳೆ ತಟ್ಟಿದರು. ಈತ ಹಾಡು ನಿಲ್ಲಿಸಿ, ಗಿಟಾರು ಪೆಟ್ಟಿಗೆಗೆ ಹಾಕಿಕೊಂಡು, ಟೊಪ್ಪಿಗೆ ಎತ್ತಿ ಎಲ್ಲರಿಗೂ ನಮಸ್ಕಾರ ಹೇಳಿ ಹೊರಟುಹೋದ. ಯಾರಿಗೂ ಬೇಡದ್ದನ್ನು ಯಾಕೆ ಹಾಡಲಿ ಎಂದನಂತೆ. ಎಲ್ಲಿದ್ದಾನೋ ಯಾರಿಗೂ ತಿಳಿಯದು.

ಪರ್ತಿನ ಆ ಒಂಟಿ ಸಂಜೆಗಳಲ್ಲಿ ನನ್ನನ್ನು ಮನೆ ಮುಟ್ಟಿಸಿದವನು ಈತ. ಬದುಕಿದ್ದರೆ ಹುಡುಕಿ ಹೋಗಿ, ಬೇಕಾದವನು ಒಬ್ಬನಾದರೂ ಇದ್ದೆ ಎಂದು ಹೇಳಲೇಬೇಕು ಅನಿಸಿತು. ಬೇರೇನೂ ಬೇಡ, ಅದೊಂದು ಮಾತು ಆತನ ಕಿವಿಗೆ ಬೀಳಬೇಕು.

"ನೀವು ಆವತ್ತು ಅಲ್ಲಿದ್ರಾ?" ಎಂದೆ.

"ಇದ್ದೆ."

"ಹಾಡು ಹೇಗಿತ್ತು?"

ಮುದುಕ ಸುಮ್ಮಸುಮ್ಮನೆ ರೆಕಾರ್ಡುಗಳನ್ನು ಜೋಡಿಸತೊಡಗಿದ. "ಸತ್ಯ ಹೇಳ್ಬೇಕೂಂದ್ರೆ ಮೇಟ್, ಆ ನಂಬರ್ ನಂದೇ. ಕುರಿ ಕಾಲು ಬಹಳ ಚೆನ್ನಾಗಿತ್ತು."

ಉದ್ದಕ್ಕೆ ಉಸಿರು ತಗೊಳ್ಳಿ

ವರ್ಷಗಟ್ಟಲೆ ಹುಡುಕಿದೆ. ಪಬ್ಬುಗಳಿಗೆ ಬರೆದೆ, ಕ್ಯಾಸೆಟ್ ಮಾಡಿದ ಕಂಪನಿಗೆ ಬರೆದೆ. ಕಂಪನಿ ಮುಚ್ಚಿಹೋಗಿ ಆ ಜಾಗದಲ್ಲಿ ಟೈರ್ ಮಾರುತ್ತಿದ್ದಾರೆ ಎಂದು ಟೈರಿನವರು ಉತ್ತರ ಬರೆದರು. ಅಷ್ಟರಲ್ಲಿ ಹೆಂಡತಿಗೆ ಅಡಿಲೇಡಿನಲ್ಲಿ ಇನ್ನೂ ದೊಡ್ಡ ಕೆಲಸ ಸಿಕ್ಕಿ, ಅಲ್ಲಿನ ಕಿಲ್ಬರ್ನ್ ಬಡಾವಣೆಗೆ ಬಂದೆವು.

ಹೋದ ವರ್ಷ ಒಂದು ಬೆಳಿಗ್ಗೆ ಲಿಸ್ಟಿನಲ್ಲಿ ಮೊದಲನೆಯವರು ಎಂಬತ್ತರ ಹತ್ತಿರದ ಅಜ್ಜ, ಪಿತ್ತಕೋಶದಲ್ಲಿ ಕಲ್ಲು. ಎಂದಿನಂತೆ ಮುಂಚೆ ಹೋಗಿ ಮಾತಾಡಿಸಿದೆ. ಹಲ್ಲು ಏನಾದರೂ ಅಲ್ಲಾಡುತ್ತಾ? ಯಾವ ಔಷಧಿಯಾದರೂ ಒಗ್ಗಲ್ವಾ? ಏನು ಕೆಲಸ ಮಾಡ್ತಿದ್ರಿ? "ಲಾರಿ ರಿಪೇರಿ," ಎಂದರು. ಮನೆ ಕಿಲ್ಬರ್ನಿನಲ್ಲೇ, ನಮ್ಮಲ್ಲಿಂದ ಎರಡು ಬೀದಿ ಆಚೆ. ಕಾಗದದಲ್ಲಿದ್ದ ಹೆಸರು ನಾನು ಕೇಳಿದ್ದಲ್ಲ. ಹಾಡುವವರಿಗೆ ಹಾಡುವ ಹೆಸರೇ ಬೇರೆ ಇರಬಹುದು ಎಂದು ಆ ಹೊತ್ತಿನಲ್ಲಿ ಯಾರು ಯೋಚಿಸುತ್ತಾರೆ?

ಥಿಯೇಟರಿನಲ್ಲಿ ನನ್ನ ಪಾಲಿನ ಹಾಡು ನಡೆದಿತ್ತು, ಬೇಲಿ ತಂತಿಯದು. ಅಜ್ಜನ ಮುಖದ ಮೇಲೆ ಮಾಸ್ಕ್ ಹಿಡಿದು, ಕೈಗೆ ಚುಚ್ಚಿದ್ದ ಸೂಜಿಯಲ್ಲಿ ನಿದ್ದೆಯ ಔಷಧಿ ತಳ್ಳುತ್ತಾ, "ಉದ್ದಕ್ಕೆ ಉಸಿರು ತಗೊಳ್ಳಿ" ಎಂದೆ.

ಮಾಸ್ಕಿನೊಳಗಿಂದ ಅಜ್ಜ, "ಈ ಸಾಲಲ್ಲಿ ನಾನು ಅದನ್ನೇ ಮರ್ತಿದ್ದೆ" ಎಂದರು.

"ಏನನ್ನ?"

"ಉಸಿರು ತಗೊಳ್ಳೋದನ್ನ. ಕೇಳು, ಕೊನೇಲಿ ಗಂಟಲು ಒಣಗತ್ತೆ. ಸ್ಟುಡಿಯೋದವ್ರು ಎರಡನೇ ಸಲ ಹಾಡೋಕೆ ಬಿಡ್ಲಿಲ್ಲ."

ನನ್ನ ಕೈ ನಿಂತಿತು. ಆದರೆ ಕೈಯಲ್ಲಿದ್ದ ಸಿರಿಂಜು ಖಾಲಿಯಾಗಿತ್ತು. ಇನ್ನು ಹೆಚ್ಚೆಂದರೆ ಹನ್ನೆರಡು ಸೆಕೆಂಡು.

"ಸರ್, ಅದು ನೀವಾ? ನಾನು ಮೈಸೂರಿನವನು ಸರ್! ನಿಮ್ಮ ಹತ್ತು ಹಾಡೂ ನನಗೆ ಬಾಯಿಪಾಠ! ನನ್ನ ಮಗಳು ಇಂಗ್ಲಿಷ್ ಕಲ್ತಿದ್ದೇ ನಿಮ್ಮಿಂದ! ನೀವು ಬಿಡಬಾರದಾಗಿತ್ತು ಸರ್, ನಾನು ಕೇಳ್ತಿದ್ದೆ, ಎಷ್ಟು ವರ್ಷದಿಂದ ಕೇಳ್ತಾ..."

"ಡಾಕ್ಟರ್," ಎಂದಳು ನರ್ಸ್, "ಅವರು ಆಗಲೇ ಮಲಗಿದ್ರು."

ನನ್ನ ಔಷಧಿ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ನಾನು ಶಾಪ ಹಾಕಿದ್ದು ಅದೊಂದೇ ಸಲ.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ರಿಕವರಿ ರೂಮಿನಲ್ಲಿ ಮಂಚದ ಪಕ್ಕದಲ್ಲೇ ನಿಂತೆ. ಪರದೆಗಳ ಹಿಂದೆ ಅಲ್ಲೊಬ್ಬರು ಇಲ್ಲೊಬ್ಬರು ನಿದ್ದೆಯ ಅಂಚಿನಲ್ಲಿ ಗೊಣಗುತ್ತಿದ್ದರು. ಬಹಳ ಹೊತ್ತಿನ ಮೇಲೆ ಅಜ್ಜ ಅರ್ಧ ಕಣ್ಣು ತೆರೆದು, ನರ್ಸನ್ನು ನೋಡಿ ನಕ್ಕರು.

"ಒಳ್ಳೇ ಔಷಧಿ ಕಣಮ್ಮ ನಿಮ್ದು. ಎಂಥಾ ಕನಸು ಬಿತ್ತು ಅಂತೀಯ! ಒಬ್ಬ ಇಂಡಿಯನ್ ಡಾಕ್ಟರು, ನನ್ನ ಹಾಡೆಲ್ಲ ಬಾಯಿಪಾಠ ಅಂತ ಕೂಗ್ತಿದ್ದ. ಅವನ ಮಗಳಿಗೂ ಬರತ್ತಂತೆ." ನಗುವಾಗ ಹೊಲಿಗೆ ನೋಯಿತು, ಹೊಟ್ಟೆ ಹಿಡಿದುಕೊಂಡರು. "ನನ್ನ ಹೆಂಡ್ತಿಗೇ ಬರ್ತಿರ್ಲಿಲ್ಲ."

ನಾನು ಮುಂದೆ ಬಂದೆ. "ಸರ್, ಅದು ಕನಸಲ್ಲ. ಆ ಡಾಕ್ಟರು ನಾನೇ."

ಅಜ್ಜ ನನ್ನನ್ನು ದಿಟ್ಟಿಸಿ, ನರ್ಸ್ ಕಡೆ ತಿರುಗಿದರು. "ಔಷಧಿ ಇನ್ನೂ ಇಳಿದಿಲ್ಲ ಕಣಮ್ಮ. ಅವನು ಇಲ್ಲೇ ಇದ್ದಾನೆ."

ಇನ್ನು ಉಳಿದದ್ದು ಒಂದೇ ದಾರಿ. ನಾನು ಬಚ್ಚಲಲ್ಲಿ ಹಾಡಿದರೂ ಹೆಂಡತಿ ಬಂದು ಬಾಗಿಲು ಬಡಿಯುತ್ತಾಳೆ. ಆದರೂ ಮಂಚದ ಕಂಬಿ ಹಿಡಿದು, ಬೇಲಿ ತಂತಿಯ ಹಾಡಿನ ಎರಡನೆಯ ಚರಣ ಮೆಲ್ಲಗೆ ಎತ್ತಿಕೊಂಡೆ. ಅಜ್ಜನ ಮುಖದಿಂದ ನಗು ಹೋಯಿತು, ಕಣ್ಣು ಮುಚ್ಚಿಕೊಂಡರು. ಅವರು ಉಸಿರು ಮರೆತ ಜಾಗದಲ್ಲಿ ನಾನೂ ಉಸಿರು ತೆಗೆದುಕೊಳ್ಳಲಿಲ್ಲ, ಹಾಗೇ ಕಲಿತಿದ್ದೆನಲ್ಲ. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಅವರದೂ ಕೆನ್ನೆ ಒದ್ದೆಯಾಗಿತ್ತು. ಒರಟು ಬೆರಳುಗಳು ತಡವುತ್ತಾ ಬಂದು ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡವು.

ನರ್ಸ್ ಬಂದು ಅವರ ಭುಜ ತಟ್ಟಿದಳು. "ಕಣ್ಣು ಬಿಡಿ ಅಜ್ಜ, ಪೂರ್ತಿ ಎಚ್ಚರ ಆಗ್ಬೇಕು ಈಗ."

ಅಜ್ಜ ಕಣ್ಣು ಬಿಡಲಿಲ್ಲ, ನನ್ನ ಕೈಯನ್ನೂ ಬಿಡಲಿಲ್ಲ.

"ಎಬ್ಬಿಸ್ಬೇಡ ತಾಯಿ," ಎಂದರು. "ಶ್ರುತಿ ಒಂದು ಚೂರೂ ಇಲ್ಲ ಇವನಿಗೆ. ಆದ್ರೂ ಇನ್ನೊಂದು ಚರಣ ಇದೆ, ಮುಗಿಸ್ಲಿ."