ಮದ್ದು ತರುವಾಗ ಮಾತಾಡಬಾರದು

ಎಂಬತ್ತರ ದಶಕದ ಆರಂಭದಲ್ಲಿ ಕಟಪಾಡಿಯವಳಾದ ನನ್ನನ್ನು ನರ್ಸ್ ಕೆಲಸಕ್ಕೆ ಹೆಬ್ರಿ ಕಡೆಯ ಕಾಡಿಗೆ ಹಾಕಿದರು. ನಾನು ಮೊದಲೇ ಪುಕ್ಕಲಿ. ಹಾಗಾಗಿ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇತ್ತು.

೧. ಹಿಂದೆ ಬಂದವರು

ಗುಡ್ಡದ ಮೇಲಿನ ಮಲೆಕುಡಿಯರ ಮನೆಗಳಿಗೆ ಹೊರಟ ಮೊದಲ ದಿನವೇ ದಾರಿ ತಪ್ಪಿತು. ಎಂತದೋ ಬೇರು ಹಿಡಿದು ಬರುತ್ತಿದ್ದ ಅಜ್ಜನೊಬ್ಬರನ್ನು ಕೇಳಿದೆ. ಉತ್ತರವಿಲ್ಲ. ಮುಂದೆ ನಡೆದರೆ ಸುಮ್ಮನೆ ಹಿಂದೆಯೇ ಬಂದರು. ಜೀವ ಬಾಯಿಗೆ ಬಂದು ಓಡಿದೆ. ಅವರೂ ಓಡಿದರು. ಕೊನೆಗೆ ಒಂದು ಮನೆ ಸಿಕ್ಕಿತು, ಅದು ಅವರದೇ. ಬೇರನ್ನು ಒಳಗೆ ಕೊಟ್ಟ ಮೇಲೆಯೇ ಅಜ್ಜ ಬಾಯಿಬಿಟ್ಟದ್ದು. ಮದ್ದು ತರುವಾಗ ಮಾತಾಡಿದರೆ ಅದರ ಗುಣ ಹೋಗುತ್ತದಂತೆ.

"ಮತ್ತೆ ಓಡಿದ್ದು ಯಾಕೆ ಅಜ್ಜ?"

"ನೀವು ಓಡಿದ್ರಲ್ಲ ಅಮ್ಮ, ಹಿಂದೆ ಹುಲಿ ಉಂಟು ಅಂತ ಗ್ರಹಿಸಿದೆ."

೨. ಸಿರಪ್ಪು

ಮಳೆಗಾಲದಲ್ಲಿ ಅದೇ ಅಜ್ಜನ ಪುಟ್ಟ ಮೊಮ್ಮಗಳಿಗೆ ಜ್ವರ, ಕೆಮ್ಮು. ಬೇರಿಗೆ ಇಳಿಯಲಿಲ್ಲ. ನಾನು ಸಿರಪ್ಪು ತಂದರೆ, ದಾರಿಯಲ್ಲಿ ಮಾತಾಡಿದಿರಾ ಎಂದು ಕೇಳಿದರು. ಬಸ್ಸಿನಲ್ಲಿ ಕಂಡಕ್ಟರನ ಹತ್ತಿರ ಮಾತಾಡಿದ್ದೆ. ಅಜ್ಜ ಆ ಬಾಟಲಿಯನ್ನು ಮುಟ್ಟಲಿಲ್ಲ. ಮಗುವಿನ ಮೈ ಸುಡುತ್ತಿತ್ತು, ವಾದ ಮಾಡುವ ಧೈರ್ಯ ನನಗಿರಲಿಲ್ಲ. ಗುಡ್ಡ ಇಳಿದು ಹೋಗಿ, ಬಾಯಿ ಬಿಡದೆ ಬೇರೆ ಬಾಟಲಿ ತಂದೆ. ಬರುವಾಗ ಮೊಣಕಾಲವರೆಗೆ ಉಂಬಳ ಹತ್ತಿ ರಕ್ತ ಹೀರಿದರೂ ಕಿರುಚುವಂತಿಲ್ಲ. ಸಿರಪ್ಪು ಮಗುವಿನ ಗಂಟಲು ಇಳಿದದ್ದೇ ತಡ, ತಡೆದಿಟ್ಟದ್ದನ್ನೆಲ್ಲ ಸೇರಿಸಿ ಕಿರುಚಿದೆ.

ಅಜ್ಜ ಭಕ್ತಿಯಿಂದ ಕೈಮುಗಿದರು. "ಈ ಮದ್ದಿಗೆ ಮಂತ್ರವೂ ಉಂಟಾ?"

೩. ಆಸ್ಪತ್ರೆ

ಮರುದಿನ ಮಗು ಉಸಿರಿಗೆ ಒದ್ದಾಡತೊಡಗಿತು. ಸತ್ತೇಹೋಗುತ್ತದೆಂದು ಹೆದರಿ ಜೀಪು ಹಿಡಿದು ಅಜ್ಜನನ್ನೂ ಮಗುವನ್ನೂ ಉಡುಪಿಯ ಆಸ್ಪತ್ರೆಯೊಂದಕ್ಕೆ ತಂದೆ. ಇಷ್ಟು ತಡ ಯಾಕೆ ಎಂದು ಬೈಯುತ್ತಲೇ ಡಾಕ್ಟರು ತುಂಬಿದ ಸಿರಿಂಜು ಹಿಡಿದು ಬಂದರು. ಅಜ್ಜ ಮಗುವನ್ನು ಎದೆಗೆ ಅವಚಿಕೊಂಡರು.

"ಮಾತಾಡಿ ಆಯ್ತಲ್ಲ. ಅದು ಬೇಡ, ಬೇರೆ ತನ್ನಿ."

ಅಕ್ಕಪಕ್ಕದ ಹಾಸಿಗೆಯವರೆಲ್ಲ ತಿರುಗಿ ನೋಡಿದರು. ನಾನು ಹೆದರುತ್ತಲೇ ಡಾಕ್ಟರ ಕಿವಿಯಲ್ಲಿ ವಿಷಯ ಹೇಳಿದೆ. ಅವರು ಮಗುವಿನ ಎದೆ ನೋಡಿದರು, ಅಜ್ಜನ ಮುಖ ನೋಡಿದರು. ಹೋಗಿ ಹೊಸದು ತುಂಬಿ, ತುಟಿ ಬಿಗಿಹಿಡಿದು ಬಂದು ಚುಚ್ಚಿದರು. ಆಮೇಲೆ ದಿನವೂ ಹಾಗೆಯೇ.

ಒಂದು ಬೆಳಿಗ್ಗೆ ಮಗು ಎದ್ದು ಕೂತು ಗಂಜಿ ಕೇಳಿತು. ನಾನು ವರಾಂಡಕ್ಕೆ ಹೋಗಿ ಸಮಾಧಾನವಾಗುವಷ್ಟು ಅತ್ತೆ. ಒಳಗೆ ಬಂದರೆ, ಪಕ್ಕದ ಹಾಸಿಗೆಯಲ್ಲಿದ್ದ ಬನ್ನಂಜೆಯ ವಿಜ್ಞಾನದ ಲೆಕ್ಚರರು ಡಾಕ್ಟರ ಕೈ ಹಿಡಿದುಕೊಂಡಿದ್ದರು.

"ನನ್ನ ಜ್ವರ ಮಾತ್ರ ಇಳಿಯುವುದಿಲ್ಲ ಡಾಕ್ಟ್ರೇ. ನೀವು ನನಗೆ ಚುಚ್ಚುವಾಗ ಮಾತಾಡ್ತೀರಿ, ಅಲ್ವಾ?"