ಪೈಪ್ ಕಳ್ಳ

ಇನ್ಶೂರೆನ್ಸಿನವರಿಗೂ ನನಗೂ ಹಿಂದಿನ ಜನ್ಮದ ವೈರ ಇರಬೇಕು. ಕೆನಡಾದ ಪಿಕರಿಂಗ್ ಊರು ದಾಟಿ ಉತ್ತರಕ್ಕೆ ಹೋದರೆ, ಜೋಳದ ಹೊಲಗಳ ನಡುವೆ ನನ್ನದೊಂದು ಮನೆ. ಟ್ರಕ್ ಓಡಿಸಿ ಸೊಂಟ ಸವೆಸಿ ತಗೊಂಡದ್ದು. ಪಕ್ಕದಲ್ಲೇ ತುಂಬಿದ ಕೆರೆ. ಅಂಥ ಮನೆಗೆ, ‘ಬೆಂಕಿ ಬಿದ್ದರೆ ನಿಮ್ಮ ರಸ್ತೆಯಲ್ಲಿ ನೀರಿಲ್ಲ, ವಿಮೆ ಮುಂದುವರಿಸಲು ಆಗುವುದಿಲ್ಲ’ ಎಂದರೆ ಯಾವ ಗಂಡಸಿಗೆ ಸಿಟ್ಟು ಬರುವುದಿಲ್ಲ? ವಿಮೆ ಹೋದರೆ ಸಾಲ ಕೊಟ್ಟ ಬ್ಯಾಂಕು ಸುಮ್ಮನಿರುವುದಿಲ್ಲ, ಮನೆಯೇ ಹೋಗುತ್ತದೆ.

ಥಾರ್ನ್‌ಹಿಲ್ಲಿನ ಏಜೆಂಟ್ ಮಧುಸೂದನ್‌ಗೆ ಫೋನ್ ಹಚ್ಚಿದೆ. ಮೈಸೂರಿನವರು. ಬೈದರೂ ಥ್ಯಾಂಕ್ಸ್ ಹೇಳುವ ಸ್ವಭಾವ.

“ನೀರಿಲ್ಲಂತ ಯಾಂವ ಹೇಳಿದಾ? ಇಲ್ಲಿ ಕೆರ್‍ಯಾಗ ಬಾತುಕೋಳಿ ಈಸಾಡಾಕತ್ತಾವ!”

“ಕೆರೆ ಇದ್ರೆ ಸಾಲದು ಸಾರ್. ಫೈರ್ ಇಂಜಿನ್ನು ನೀರು ಎಳ್ಕೊಳ್ಳೋಕೆ ದಡದಲ್ಲಿ ಪೈಪ್ ಇರ್ಬೇಕು. ನಿಮ್ಮ ರೋಡಲ್ಲಿ ಒಂದಿತ್ತಂತೆ. ಈ ಸಲ ಚೆಕ್ ಮಾಡೋಕೆ ಬಂದವ್ರಿಗೆ ಸಿಗ್ಲೇ ಇಲ್ವಂತೆ. ಅದಕ್ಕೇ ಏರಿಯಾ ರೇಟಿಂಗ್ ಬಿದ್ದೋಯ್ತು.”

“ಸಿಗಲಿಲ್ಲಂದ್ರ ಯಾರೋ ಕದ್ದಾರ! ಕಳ್ಳನ್ನ ಹಿಡೀರಿ. ನನ್ನ ಮನಿ ಮ್ಯಾಲೆ ಯಾಕ ಬರ್ತೀರಿ?”

ಬಟ್ಟೆಯ ಬುಟ್ಟಿ ಹೊತ್ತು ಹೊರಟಿದ್ದ ಹೆಂಡತಿ ಶಾರದವ್ವ ಬಾಗಿಲಲ್ಲಿ ನಿಂತು, “ಬೆಂಕಿ ಎಲ್ಲೋ ಬೀಳೂದು ಯಾಕ್ರೀ? ಇಲ್ಲೇ ನಿಂತು ಫೋನಿನ್ಯಾಗ ಮಾತಾಡಾಕತ್ತೇತಿ” ಎಂದಳು.

ಅಗ್ನಿಶಾಮಕ ದಳದ ಫೈರ್ ಹಾಲಿಗೂ ಫೋನ್ ಮಾಡಿ ಗುಡುಗಿದೆ. (ನನ್ನ ಇಂಗ್ಲಿಷ್ ಏಳನೇ ಇಯತ್ತೆಯದು, ಸಿಟ್ಟು ಮಾತ್ರ ಡಿಗ್ರಿ ಮುಗಿಸಿದೆ.) ಮರುದಿನ ದೊಡ್ಡ ನೀರಿನ ಲಾರಿ ಬಂತು. ಅದರಿಂದ ಕ್ಯಾಪ್ಟನ್ ಡೋನಾ ಎಂಬ ಹೆಣ್ಣುಮಗಳು ಇಳಿದಳು. “ಪೈಪ್ ಥೀಫ್! ಅರೆಸ್ಟ್!” ಎಂದೆ. ಆಕೆ ಕೈಯಲ್ಲಿದ್ದ ನಕ್ಷೆ ನೋಡಿದಳು, ಕೆರೆ ನೋಡಿದಳು, ನೆಟ್ಟಗೆ ನಮ್ಮ ಬಟ್ಟೆ ಹಗ್ಗದ ಕಡೆಗೆ ನಡೆದಳು.

ಆ ಹಗ್ಗದ ಇತಿಹಾಸ ಇಲ್ಲಿ ಅರುಹಲೇಬೇಕು. ನಾವು ಬಂದಾಗಲೇ ಕೆರೆಯ ಅಂಚಿನಲ್ಲಿ ಸೊಂಟದೆತ್ತರದ ಕೆಂಪು ಪೈಪೊಂದು ಬಾಯಿ ಮುಚ್ಚಿಕೊಂಡು ನಿಂತಿತ್ತು. ಅದರ ಮೇಲಿನ ಫಲಕವನ್ನು ಹಿಮ, ತುಕ್ಕು ಎರಡೂ ತಿಂದು ‘ಡ್ರೈ’ ಎಂಬುದೊಂದನ್ನೇ ಉಳಿಸಿದ್ದವು.

“ಯಾರದೈತೋ ಏನೋ, ಕೇಳ್ರೀ” ಎಂದಿದ್ದಳು ಶಾರದವ್ವ.

“ಓದಾಕ ಬರೂದಿಲ್ಲೇನ? ಡ್ರೈ ಅಂದ್ರ ಒಣಾ ಹಾಕೂದು. ಕೆನಡಾದಾಗ ಎಲ್ಲಾದಕ್ಕೂ ಬೋರ್ಡ್ ಇರ್ತೇತಿ!” ಎಂದು ಗದರಿ, ಅಲ್ಲಿಂದ ಮೇಪಲ್ ಮರಕ್ಕೆ ಹಗ್ಗ ಬಿಗಿದಿದ್ದೆ. ಕೆಂಪು ಬಣ್ಣ ನನ್ನ ಬಿಳಿ ಧೋತರಕ್ಕೆ ಹತ್ತುತ್ತಿತ್ತೆಂದು ಈ ವಸಂತದಲ್ಲಿ ಪೈಪಿಗೆ ಎಲೆಹಸಿರು ಬಣ್ಣ ಬಳಿದೆ. ಅದರ ಬಾಯಿಗೆ ಕ್ಲಿಪ್ಪಿನ ಬುಟ್ಟಿ ತೂಗುಹಾಕಿದೆ. ನಾನು ಕೈಹಾಕಿದ ಕೆಲಸ ಅಚ್ಚುಕಟ್ಟು.

ಕ್ಯಾಪ್ಟನ್ ಪೈಪಿನ ಮೇಲೆ ಹರವಿದ್ದ ನನ್ನ ಪಟ್ಟಾಪಟ್ಟಿ ಚಡ್ಡಿಯನ್ನು ಎರಡು ಬೆರಳಿನಲ್ಲಿ ಎತ್ತಿ ಶಾರದವ್ವನ ಕೈಗಿತ್ತಳು. ಉಗುರಿನಿಂದ ಹಸಿರು ಕೆರೆದಳು. ಒಳಗೆ ಕೆಂಪು.

“ಡ್ರೈ ಹೈಡ್ರಂಟ್” ಎಂದಳು.

ಲಾರಿ ಬಂದು ಕೆರೆಯಿಂದ ನೀರು ಎಳೆಯುವ ತನಕ ಪೈಪು ಒಣಗಿಯೇ ಇರುತ್ತದಂತೆ. ಅದಕ್ಕೇ ಆ ಹೆಸರಂತೆ! ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆಯ ಜೊತೆಗಾರರು ಪೈಪಿಗೆ ಲಾರಿ ಜೋಡಿಸಿ ಪಂಪ್ ಹಚ್ಚಿದರು. ನೀರು ಆಕಾಶಕ್ಕೆ ಚಿಮ್ಮಿತು. ಗಾಳಿ ತಿರುಗಿತು. ಹಗ್ಗದ ಮೇಲೆ ಒಣಗಿದ್ದ ಬಟ್ಟೆಯೆಲ್ಲ ತೊಯ್ದು ತೊಪ್ಪೆ.

“ಡ್ರೈ ಆದೂ ನೋಡ್ರಿ” ಎಂದಳು ಶಾರದವ್ವ.

ಆ ಸಂಜೆ ಹಗ್ಗ ಬಿಚ್ಚಿ, ಬಗ್ಗಿ ಕೂತು ಪೈಪಿಗೆ ಮತ್ತೆ ಕೆಂಪು ಬಳಿಯುತ್ತಿದ್ದಾಗ ಮಧುಸೂದನ್ ಫೋನ್ ಬಂತು. ಕೈತುಂಬ ಬಣ್ಣ, ಹೆಂಡತಿಯೇ ಸ್ಪೀಕರಿಗೆ ಹಾಕಿ ಹಿಡಿದಳು.

“ಸಾರ್, ಫೈರ್ ಹಾಲಿಂದ ಪತ್ರ ಬಂತು. ನಿಮ್ಮ ವಿಮೆ ಉಳೀತು, ಥ್ಯಾಂಕ್ಸ್ ಸಾರ್! ಅಂದ್ಹಾಗೆ, ಆ ಕಳ್ಳ ಸಿಕ್ಕಿದ್ನಾ?”

ನಾನು ಪೈಪಿಗೆ ಇನ್ನೊಂದು ಕೈ ಕೆಂಪು ಬಳಿದೆ.

“ಸಿಕ್ಕಾನ್ರೀ” ಎಂದಳು ಶಾರದವ್ವ. “ಚಡ್ಡೀ ಸಮೇತ.”